ಚೀಲ ಬಿಚ್ಚಿ ನೋಡದೆ ಕೊಳ್ಳುವ ಎಂಜಿನಿಯರಿಂಗ್ ಸೀಟು

ಸಿಇಟಿ, ಕೀಮ್ ರ‍್ಯಾಂಕು ಬರುವ ದಿನಗಳಲ್ಲಿ ನಮ್ಮ ಮಂಗಲ್ಪಾಡಿಯಲ್ಲಿ ಒಂದೇ ಮಾತು: ಮಗುವನ್ನು ತೆಂಕಕ್ಕೆ ಪೊವ್ವಲಿಗೆ ಕಳಿಸುವುದೋ, ಬಡಗಕ್ಕೆ ಮಂಗಳೂರಿಗೋ? ಮನೆಮಾತು ಕನ್ನಡವೋ ತುಳುವೋ ಆಗಿದ್ದು, ಮಂಜೇಶ್ವರ ತಾಲೂಕಿನಲ್ಲೇ ಏಳು ವರ್ಷ ಇದ್ದು ಓದಿದವರಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರೆಂದು ಅರ್ಜಿ ಹಾಕುವ ದಾರಿ ಉಂಟು. ನಮಗೆ ಬಾಗಿಲು ಎರಡು. ಆದರೆ ಎರಡನ್ನೂ ನಾವು ತೂಗುವುದು ಯೂನಿವರ್ಸಿಟಿಯ ಹೆಸರಿನಿಂದ.

ಹೆಸರಿನಿಂದ ತಿಳಿಯುವುದು ಕಡಿಮೆ. ಪೊವ್ವಲಿನ ಎಲ್‌ಬಿಎಸ್ ಕಾಲೇಜು ಶುರುವಾದದ್ದು 1993ರಲ್ಲಿ. 2015ರಲ್ಲಿ ಸೇರಿದವರಿಂದ ಈಚೆಗೆ ಅದು ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ. ಆಚೆ ಕಡೆ 1998ರಲ್ಲಿ ವಿಟಿಯು ಬಂತು. ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ ವಿಟಿಯುವಿನ ಸಿಲೆಬಸ್, ಪ್ರಶ್ನೆಪತ್ರಿಕೆ ಬೀದರಿನಿಂದ ಮಂಗಳೂರಿನ ತನಕ ಒಂದೇ. ಕಲಿಸುವವರು ಮಾತ್ರ ಬೇರೆ ಬೇರೆ.

ಅಡಿಕೆ ವ್ಯಾಪಾರಿ ಚೀಲದ ಮೇಲಿನ ಹೆಸರು ನೋಡಿ ರೇಟು ಹೇಳುತ್ತಾನೆಯೇ? ಅಡಿಗೆ ಕೈ ಹಾಕುತ್ತಾನೆ, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ನೋಡುತ್ತಾನೆ. ಕಾಲೇಜಿಗೂ ಹಾಗೆ ಕೈ ಹಾಕಬಹುದು. ಎನ್‌ಬಿಎ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ವಿಭಾಗಕ್ಕೆ, ಅದೂ ಇಷ್ಟು ವರ್ಷಕ್ಕೆಂದು. ಸಿವಿಲ್‌ಗೆ ಇದ್ದು ಕಂಪ್ಯೂಟರಿಗೆ ಇಲ್ಲದಿರಬಹುದು; ಇದ್ದದ್ದು ಮುಗಿದೂ ಹೋಗಿರಬಹುದು. ವಿದೇಶದ ಕನಸಿರುವವರು ಇನ್ನೊಂದು ಗಮನಿಸಬೇಕು: ಭಾರತ 2014ರಲ್ಲಿ ವಾಷಿಂಗ್ಟನ್ ಒಪ್ಪಂದ ಸೇರಿತು, ಆದರೆ ಅದರ ಪ್ರಯೋಜನ ಎನ್‌ಬಿಎಯ ಟಯರ್-1 ಮಾನ್ಯತೆ ಇರುವ ವಿಭಾಗಗಳಿಗೆ ಮಾತ್ರ.

ಇನ್ನು ಕೆಲಸದ ಲೆಕ್ಕ. ಗೋಡೆಯ ಫಲಕದಲ್ಲಿರುವುದು ಅತಿ ಹೆಚ್ಚು ಸಂಬಳದ ಒಬ್ಬನ ಫೋಟೋ. ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಪಟ್ಟಿಗೆ ಅರ್ಜಿ ಹಾಕುವ ಕಾಲೇಜುಗಳು ಬೇರೆ ಲೆಕ್ಕ ಕೊಡಬೇಕಾಗುತ್ತದೆ: ಎಷ್ಟು ಮಂದಿ ಸೇರಿದರು, ನಾಲ್ಕೇ ವರ್ಷದಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಆಯಿತು, ಅವರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವನಿಗೆ ಎಷ್ಟು. ನಮ್ಮ ಮಗ ಹೆಚ್ಚಾಗಿ ಆ ನಟ್ಟನಡುವಿನವನೇ ಅಲ್ಲವೇ ಮಾರಾಯ್ರೆ!

ನಾನು ಎಸ್ಸೆಸ್ಸೆಲ್ಸಿ, ತೋಟ ನೋಡಿಕೊಂಡು ಕನ್ನಡ, ತೆಲುಗಿನಲ್ಲಿ ನಾಲ್ಕು ಪದ್ಯ ಕಟ್ಟುವವ. ಇದೆಲ್ಲ ಗೊತ್ತಾದದ್ದು ತಡವಾಗಿ. ತಂಗಿಯ ಮಗನನ್ನು ಫಲಕ ನೋಡಿಯೇ ಒಂದು ಕಾಲೇಜಿಗೆ ಸೇರಿಸಿದೆವು. ಒಂದು ವಿಷಯಕ್ಕೆ ಒಂದೇ ಸೆಮಿಸ್ಟರಿನಲ್ಲಿ ಮೂವರು ಮೇಷ್ಟ್ರು ಬದಲಾದರು. ಲ್ಯಾಬಿನ ಮೆಶಿನಿನ ಮೇಲಿನ ಬಟ್ಟೆ ತೆಗೆದದ್ದನ್ನು ಅವ ನೋಡಿದ್ದು ಪರೀಕ್ಷೆಯ ದಿನ. ತೋಟದ ಮೇಲಿನ ಸಾಲ ಇನ್ನೂ ತೀರಿಲ್ಲ.

ಈ ಸಲ ನೆರೆಮನೆಯವರಿಗೆ ಹೇಳಿದ್ದೇನೆ: ಆಪ್ಷನ್ ತುಂಬುವ ಮೊದಲು ರಜೆಯಿಲ್ಲದ ಒಂದು ದಿನ ಮಗಳನ್ನು ಕರೆದುಕೊಂಡು ಹೋಗಿ. ಆಫೀಸಿಗೆ ಹೋಗುವುದು ಆಮೇಲೆ. ಮೊದಲು ಕ್ಯಾಂಟೀನಿನಲ್ಲಿ ಚಾ ಕುಡಿಯುತ್ತಾ ಮೂರನೇ ವರ್ಷದ ಮಕ್ಕಳ ಹತ್ತಿರ ಕೂತು ಮಾತಾಡಿ.