ಅಮ್ಮ ಹರಿದ ಫೋಟೊ, ಮಗಳು ಜೋಡಿಸಿದ ಇರಾನ್

ಇರಾನಿನ ಮಾತು ಬಂದಾಗಲೆಲ್ಲ ಮೊಬೈಲುಗಳಲ್ಲಿ ಒಂದು ಜೋಡಿ ಚಿತ್ರ ಹರಿದಾಡುತ್ತದೆ. ಎಡಗಡೆ ಎಪ್ಪತ್ತರ ದಶಕದ ತೆಹರಾನ್, ಗಿಡ್ಡ ಲಂಗ ತೊಟ್ಟು ನಗುತ್ತಿರುವ ಹುಡುಗಿಯರು. ಬಲಗಡೆ ಇಸ್ಲಾಮಿಕ್ ಕ್ರಾಂತಿಯ ನಂತರದ ತೆಹರಾನ್, ಕಪ್ಪು ಚಾದರದ ಹೆಂಗಸರ ಸಾಲು. 1979ರವರೆಗೆ ಎಲ್ಲ ಹೆಣ್ಣುಮಕ್ಕಳೂ ಸ್ವತಂತ್ರರಾಗಿದ್ದರು, ಆಮೇಲೆ ಧರ್ಮಗುರುಗಳು ಬಂದು ಬೆಳಕು ಆರಿಸಿಬಿಟ್ಟರು ಎಂಬ ತೀರ್ಮಾನಕ್ಕೆ ನೋಡಿದವರು ಬಂದುಬಿಡುತ್ತಾರೆ. ಇದು ಪೂರಾ ಸುಳ್ಳಲ್ಲ, ಅದಕ್ಕೇ ಇದನ್ನು ಅಲ್ಲಗಳೆಯುವುದು ಕಷ್ಟ. ಆದರೆ ಎಡಗಡೆಯ ಚಿತ್ರದಲ್ಲಿರುವ ಹೆಂಗಸೇ ಮುಂದೆ ತನ್ನ ಇಷ್ಟದಿಂದ ಬಲಗಡೆಗೆ ನಡೆದುಹೋಗಿದ್ದರೆ? ಫಿರೂಜೆ ಖೊಸ್ರೊವಾನಿ 2020ರಲ್ಲಿ ತೆಗೆದ ‘ರೇಡಿಯೋಗ್ರಾಫ್ ಆಫ್ ಎ ಫ್ಯಾಮಿಲಿ’ ಸಾಕ್ಷ್ಯಚಿತ್ರ ಕೇಳುವ ಪ್ರಶ್ನೆ ಇದು. ಆ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವದಲ್ಲಿ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿ ಪಡೆದ ಇದರಲ್ಲಿ ಇರುವುದು ನಿರ್ದೇಶಕಿಯದೇ ಅಪ್ಪ, ಅಮ್ಮ, ಮತ್ತು ಅವರ ಮನೆ.

ಅಪ್ಪ ಸ್ವಿಟ್ಜರ್‌ಲೆಂಡಿನಲ್ಲಿ ಎಕ್ಸ್‌-ರೇ ವೈದ್ಯಶಾಸ್ತ್ರ ಓದುತ್ತಿದ್ದವರು. ಪಾಶ್ಚಾತ್ಯ ಸಂಗೀತ ಮೆಚ್ಚುವ, ದೇವರ ಗೊಡವೆಗೆ ಹೋಗದ ಮನುಷ್ಯ. ಅಮ್ಮ ತೆಹರಾನಿನ ಸಂಪ್ರದಾಯಸ್ಥ ಮನೆಯ ಹುಡುಗಿ. ಮದುವೆಯ ದಿನ ವರ ಊರಿನಲ್ಲೇ ಇರಲಿಲ್ಲ. ಅವನ ಫೋಟೊ ಇಟ್ಟುಕೊಂಡೇ ಮದುವೆ ನಡೆಯಿತು. ಗಂಡನನ್ನು ಸೇರಿಕೊಳ್ಳಲು ಹೋದ ಆಕೆಗೆ ಯುರೋಪು ಹಿಡಿಸಲಿಲ್ಲ. ತಲೆವಸ್ತ್ರ ತೆಗೆದದ್ದು ಗಂಡನ ಲೋಕಕ್ಕೆ ಹೊಂದಿಕೊಳ್ಳಲಿಕ್ಕೆ, ಅದರಲ್ಲಿ ಅವಳ ಸಂತೋಷವೇನೂ ಇರಲಿಲ್ಲ. ಇರಾನಿಗೆ ಮರಳಿದ ಮೇಲೆ ಚಿಂತಕ ಅಲಿ ಶರಿಯತಿಯ ವಿಚಾರಗಳು ಅವಳನ್ನು ಸೆಳೆದವು. ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಪಡೆದಿದ್ದ ಶರಿಯತಿ ತೆಹರಾನಿನ ಹುಸೇನಿಯೆ ಇರ್ಷಾದ್ ಸಭಾಂಗಣದಲ್ಲಿ ಮಾತಾಡಿದರೆ ಸಾವಿರಾರು ಯುವಕ ಯುವತಿಯರು ಕಿಕ್ಕಿರಿಯುತ್ತಿದ್ದರು. ಅಡುಗೆಮನೆಯಲ್ಲಿ ಕೂತ ಅಜ್ಜಿಯಂತೆಯೂ ಬೇಡ, ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸಿದ ಗೊಂಬೆಯಂತೆಯೂ ಬೇಡ, ನಂಬಿಕೆ ಬಿಡದೆ ಬೀದಿಗಿಳಿಯುವ ಮೂರನೆಯ ದಾರಿಯೊಂದು ಹೆಣ್ಣಿಗಿದೆ ಎಂಬುದು ಅವರ ವಾದದ ತಿರುಳು. ಕ್ರಾಂತಿ ಆದ ಮೇಲೆ ಅಮ್ಮ ಶಾಲೆಯೊಂದರ ಮುಖ್ಯಸ್ಥೆಯಾದಳು. ಮನೆಯ ಯಜಮಾನಿಕೆ ಕೈ ಬದಲಾಯಿತು. ಕ್ಯಾಮೆರಾ ಮತ್ತೆ ಮತ್ತೆ ಒಂದೇ ಕೋಣೆಯೊಳಗೆ ನಿಧಾನವಾಗಿ ಸರಿಯುತ್ತದೆ. ಪ್ರತಿ ಸಲವೂ ಅಪ್ಪನ ಅಭಿರುಚಿಯ ಸಾಮಾನೊಂದು ಕಾಣೆಯಾಗಿರುತ್ತದೆ. ಒಂದು ದಿನ ಅಮ್ಮ, ತಾನು ತಲೆ ಮುಚ್ಚದೆ ನಿಂತಿದ್ದ ಹಳೆಯ ಫೋಟೊಗಳನ್ನೆಲ್ಲ ಹರಿದುಹಾಕುತ್ತಾಳೆ. ಆ ಚೂರುಗಳನ್ನು ಜೋಡಿಸುತ್ತಲೇ ಮಗಳು ಈ ಚಿತ್ರ ಕಟ್ಟಿದ್ದಾಳೆ.

ಈ ಹೆಂಗಸನ್ನು ಮೂಢಭಕ್ತೆಯೆಂದು ಬದಿಗೆ ಸರಿಸಿದರೆ ಇರಾನಿನ ಅರ್ಧ ಚರಿತ್ರೆಯೇ ಕೈಬಿಟ್ಟುಹೋಗುತ್ತದೆ. 1936ರ ಜನವರಿಯಲ್ಲಿ ದೊರೆ ರೆಜಾ ಶಾ ಚಾದರವನ್ನೂ ತಲೆವಸ್ತ್ರವನ್ನೂ ನಿಷೇಧಿಸಿದಾಗ ಪೊಲೀಸರು ನಡುಬೀದಿಯಲ್ಲಿ ಹೆಂಗಸರ ತಲೆಯಿಂದ ಬಟ್ಟೆ ಎಳೆದರು. ಮರ್ಯಾದೆಗೆ ಅಂಜಿ ಎಷ್ಟೋ ಹೆಂಗಸರು ಹೊಸಿಲು ದಾಟುವುದನ್ನೇ ಬಿಟ್ಟರು. ಆಮೇಲೆ ಕಟ್ಟಳೆ ಸಡಿಲವಾಯಿತು, ಆದರೆ ಚಾದರ ಹೊದ್ದವಳು ಹಿಂದುಳಿದವಳು ಎಂಬ ತಾತ್ಸಾರ ಮೇಲ್ವರ್ಗದಲ್ಲಿ ಉಳಿದೇ ಉಳಿಯಿತು. 1976ರ ಜನಗಣತಿಯ ಹೊತ್ತಿಗೆ ಓದುಬರಹ ಬಲ್ಲ ಹೆಂಗಸರು ಸರಿಸುಮಾರು ಮೂರರಲ್ಲೊಬ್ಬರು ಮಾತ್ರ. ಗಿಡ್ಡ ಲಂಗದ ಆ ಚಿತ್ರ ಉಳಿದಿಬ್ಬರ ಬಗ್ಗೆ ಏನನ್ನೂ ಹೇಳುವುದಿಲ್ಲ. ತನ್ನನ್ನು ಕೀಳಾಗಿ ಕಂಡ ಲೋಕವೇ ಮಗುಚಿಬಿದ್ದಾಗ ಈ ಅಮ್ಮನಿಗೆ ಸಿಕ್ಕಿದ್ದು ಕೆಲಸ, ಮಾತು, ಎದ್ದು ನಿಲ್ಲುವ ಧೈರ್ಯ. ಅದು ನಿಜವಾದ ಗಳಿಕೆ ಎಂದು ಒಪ್ಪಿಕೊಳ್ಳದೆ ಆ ಕ್ರಾಂತಿ ಏಕೆ ಗೆದ್ದಿತೆಂಬುದು ಅರ್ಥವಾಗುವುದಿಲ್ಲ.

ಹಾಗಾದರೆ ಇದು ದಬ್ಬಾಳಿಕೆಗೆ ನೆಪ ಹುಡುಕಿಕೊಟ್ಟಂತಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಹಿಜಾಬ್ ಕಡ್ಡಾಯವಾಗುವ ಸೂಚನೆ ಸಿಕ್ಕಿದ್ದೇ ತಡ, 1979ರ ಮಾರ್ಚ್ 8ರಂದು ತೆಹರಾನಿನ ಹೆಂಗಸರು ಬೀದಿಗಿಳಿದರು. 1983ರ ಕಾನೂನು ತಲೆ ಮುಚ್ಚದವಳಿಗೆ 74 ಛಡಿಯೇಟಿನವರೆಗೆ ಶಿಕ್ಷೆ ಇಟ್ಟಿತು. 2022ರ ಸೆಪ್ಟೆಂಬರಿನಲ್ಲಿ, ಹಿಜಾಬ್ ಸರಿಯಾಗಿ ಧರಿಸಿಲ್ಲವೆಂದು ಪೊಲೀಸರು ಹಿಡಿದೊಯ್ದಿದ್ದ 22 ವರ್ಷದ ಮಹ್ಸಾ ಅಮಿನಿ ಸತ್ತುಹೋದಳು. ಅಮ್ಮ ಮನಸಾರೆ ಹೊದ್ದದ್ದನ್ನು ಮಗಳ ತಲೆಮಾರಿನ ಮೇಲೆ ಲಾಠಿ ಹಿಡಿದು ಹೊದಿಸಲಾಯಿತು. ಚಿತ್ರ ಈ ಬಲವಂತವನ್ನು ಮುಚ್ಚಿಡುವುದಿಲ್ಲ. ಸ್ವಂತ ಮನೆಯಲ್ಲೇ ದನಿ ಕಳೆದುಕೊಳ್ಳುತ್ತ ಹೋಗುವ ಅಪ್ಪನನ್ನು ನೋಡಿದರೆ ಸಾಕು. ಅಮ್ಮನ ಕಾರಣಗಳನ್ನು ತಿಳಿದುಕೊಂಡರೆ ಅವಳು ಫೋಟೊ ಹರಿದದ್ದು ಸರಿಯೆಂದು ಒಪ್ಪಿದಂತಾಗುವುದಿಲ್ಲ. 1936ರ ಪೊಲೀಸನೂ ಇಂದಿನ ಪೊಲೀಸನೂ ಕೈ ಹಾಕುವುದು ಒಂದೇ ತಲೆಗೆ ಎಂಬುದು ಕಣ್ಣಿಗೆ ಬೀಳುತ್ತದೆ, ಅಷ್ಟೇ. 2022ರಲ್ಲಿ ಉಡುಪಿಯ ಕಾಲೇಜುಗಳಿಂದ ಎದ್ದ ಹಿಜಾಬ್ ವಿವಾದದ ಕಾಲದಿಂದಲೂ ನಮ್ಮಲ್ಲಿ ಇರಾನನ್ನು ಉದಾಹರಣೆಗೆ ಎಳೆದು ತರುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು. ಒಂದನ್ನಷ್ಟೇ ಎತ್ತಿಕೊಂಡು ವಾದ ಹೂಡುವುದು ಅಪ್ರಾಮಾಣಿಕ.

ಇನ್ನೊಂದು ಆಕ್ಷೇಪ ಚಿತ್ರದ ಕಟ್ಟೋಣದ ಬಗೆಗಿನದು. ಅಪ್ಪ ಅಮ್ಮನ ಸಂಭಾಷಣೆಗೆ ಬೇರೆಯವರು ದನಿ ಕೊಟ್ಟಿದ್ದಾರೆ. ಆ ಕೋಣೆಯೂ ಚಿತ್ರಕ್ಕೆಂದೇ ಸಜ್ಜುಗೊಳಿಸಿದ್ದು. ಇದನ್ನು ಸಾಕ್ಷ್ಯ ಅನ್ನುವುದು ಹೇಗೆ? ಮಾತುಗಳ ಮಟ್ಟಿಗೆ ಇದು ಮಗಳ ನೆನಪು ಮತ್ತು ಊಹೆ, ಅದನ್ನು ಹಾಗೆಂದೇ ತೆಗೆದುಕೊಳ್ಳಬೇಕು. ಆದರೆ ಫೋಟೊಗಳು ನಿಜ, ಕಾಗದಗಳು ನಿಜ, ಹರಿದ ಅಂಚೂ ನಿಜ. ಒಂದು ಅನುಕೂಲಸ್ಥ ಮನೆಯ ಕಥೆ ಇಡೀ ದೇಶದ್ದಾಗುವುದಿಲ್ಲ ಎಂಬ ಮಾತೂ ಸರಿ. ಹಳ್ಳಿಯ ಇರಾನ್, ಕುರ್ದ್ ಮತ್ತು ಬಲೂಚಿ ಇರಾನ್ ಇಲ್ಲಿಲ್ಲ. ಆದರೂ ಹರಿದು ಎಸೆದದ್ದು ಈ ಒಂದು ಮನೆಯಲ್ಲಿ ಮಾತ್ರವಲ್ಲ. ಫರಹನಾಜ್ ಶರೀಫಿ 2024ರಲ್ಲಿ ತೆಗೆದ ‘ಮೈ ಸ್ಟೋಲನ್ ಪ್ಲಾನೆಟ್’ ಬಹುಮಟ್ಟಿಗೆ ನಿಂತಿರುವುದು, ಯಾರ ಯಾರದೋ ಮನೆಗಳಿಂದ ಹೊರಬಿದ್ದ 8 ಎಂಎಂ ರೀಲುಗಳ ಮೇಲೆ. ಹೆಸರು ಗೊತ್ತಿಲ್ಲದ ಹೆಂಗಸರು ಹುಟ್ಟುಹಬ್ಬಗಳಲ್ಲಿ, ಸಮುದ್ರ ದಂಡೆಯಲ್ಲಿ ಕುಣಿದ ಕ್ಷಣಗಳನ್ನು ಆಕೆ ಹುಡುಕಿ ಹುಡುಕಿ ಕೂಡಿಟ್ಟಳು.

ಈ ಎರಡು ಚಿತ್ರಗಳನ್ನು ನಮ್ಮ ಫಿಲಂ ಸೊಸೈಟಿಗಳು, ವಿಶ್ವವಿದ್ಯಾಲಯಗಳ ಮಹಿಳಾ ಅಧ್ಯಯನ ವಿಭಾಗಗಳು ಕನ್ನಡದ ಅಡಿಬರಹ ಹಾಕಿಸಿ ಜೊತೆಯಾಗಿ ತೋರಿಸಬೇಕು. ಖೊಸ್ರೊವಾನಿ ಜೋಡಿಸಿದ ಫೋಟೊಗಳಲ್ಲಿ ಹರಿದ ಗೆರೆ ಹಾಗೇ ಇದೆ, ಆಕೆ ಅದನ್ನು ಅಳಿಸಲು ಹೋಗಿಲ್ಲ. ಗೆರೆಯ ಒಂದು ಬದಿಗೆ ಹರಿದ ಕೈ, ಇನ್ನೊಂದು ಬದಿಗೆ ಜೋಡಿಸಿದ ಕೈ. ಮೊಬೈಲಿನ ‘ಆಗ-ಈಗ’ ಚಿತ್ರದಲ್ಲಿ ಈ ಇಬ್ಬರಲ್ಲಿ ಒಬ್ಬರೂ ಇಲ್ಲ.