ಕಣ್ಣು ಎಲ್ಲಿದೆ ಸ್ವಾಮಿ?

ಪುಣೆಯ ನಮ್ಮ ಭಾನುವಾರದ ಚಿತ್ರ ಬಳಗದಲ್ಲಿ ನನಗೆ ಜಗಳಗಂಟ ಎಂದು ಹೆಸರು. ಖಡಕ್‌ವಾಸ್ಲಾದ ದಂಡೆಯಲ್ಲಿ ಕೂತು, ಎದುರಿಗಿರುವ ಸಿಂಹಗಡವನ್ನು ಬಿಟ್ಟು ಫೋನಿನಲ್ಲಿರುವ ಸಿಂಹಗಡವನ್ನು ಬರೆಯಬೇಡಿ ಎಂದದ್ದೇ ನನ್ನ ತಪ್ಪು.

ಫೋನಿನ ಮಾಮೂಲಿ ಲೆನ್ಸು ಅಗಲಕ್ಕೆ ನೋಡುವಂಥದ್ದು. ಅದರ ಫೋಟೋದಲ್ಲಿ ಕಾಲಬುಡದ ಕಲ್ಲು ದೊಡ್ಡದು, ಆಕಾಶಕ್ಕೆ ಅಡ್ಡ ನಿಂತ ಗಡ ಗೆದ್ದಲಿನ ಹುತ್ತ. ಸೆಜಾನ್ ತನ್ನೂರಿನ ಸೇಂತ್ ವಿಕ್ತ್ವಾರ್ ಬೆಟ್ಟವನ್ನು ಹಲವು ಚಿತ್ರಗಳಲ್ಲಿ ಫೋಟೋಕ್ಕಿಂತ ದೊಡ್ಡದಾಗಿಯೇ ಬರೆದ. ಅವನು ಬೆಟ್ಟ ನೋಡುತ್ತಿದ್ದ, ನಾವು ಸ್ಕ್ರೀನು ನೋಡುತ್ತೇವೆ.

ಇನ್ನು ದಿಗಂತ. ಗುಡ್ಡದ ನೆತ್ತಿಯೇ ದಿಗಂತ ಎಂದುಕೊಂಡವರು ನಮ್ಮಲ್ಲಿ ಅರ್ಧದಷ್ಟಾದರೂ ಇದ್ದಾರೆ. ಅಲ್ಲ. ಅದು ನಿಮ್ಮ ಕಣ್ಣಿನ ಮಟ್ಟ. ಗುಡ್ಡದ ಹಿಂದೆ ಅಡಗಿದ್ದರೂ ಅದು ಆಚೆ ದಡದ ನೀರಂಚಿಗಿಂತ ಒಂದಿಷ್ಟೇ ಮೇಲಿರುತ್ತದೆ. ನೆಲಕ್ಕೆ ಕೂತರೆ ನೀರು ತೆಳು ಪಟ್ಟಿ, ಎತ್ತರದಲ್ಲಿ ನಿಂತರೆ ಅಗಲ. ಎತ್ತರದಿಂದ ತೆಗೆದ ಫೋಟೋದ ನೀರಿಗೆ ಕೂತು ನೋಡಿದ ಜನರನ್ನು ಅಂಟಿಸಿದರೆ, ಓರೆ ಮಾಡಿದ ತಟ್ಟೆಯಿಂದ ಸಾರು ಬಂದ ಹಾಗೆ ಕೆರೆಯೆಲ್ಲ ಮಡಿಲಿಗೆ ಬರುತ್ತದೆ. ಸಮತಟ್ಟಾದ ದಂಡೆಯಲ್ಲಿ ನಿಂತು ಬರೆಯುತ್ತೀರಾ? ನಿಮ್ಮಷ್ಟೇ ಎತ್ತರದವರೆಲ್ಲರ ಕಣ್ಣೂ ಒಂದೇ ಗೆರೆಯ ಮೇಲೆ ಬರಬೇಕು: ಪಕ್ಕದಲ್ಲಿ ಮೆಕ್ಕೆಜೋಳ ಸುಡುವವನದೂ, ದೂರದಲ್ಲಿ ಉಗುರಿನಷ್ಟು ಕಾಣುವವನದೂ. ದೂರ ಹೋದಂತೆ ಮೇಲೇರುವುದು ಪಾದ ಮಾತ್ರ.

"ಇದೆಲ್ಲ ಇಟಲಿಯವರ ಲೆಕ್ಕ, ನಮ್ಮ ಚಿಕಣಿ ಚಿತ್ರಕಾರರಿಗೆ ಇದರ ಹಂಗಿತ್ತೇ?" ಎಂಬ ವಾದ ತಪ್ಪದೆ ಬರುತ್ತದೆ. ಆಲ್ಬರ್ಟಿ 1435ರಲ್ಲಿ ಆ ಲೆಕ್ಕ ಬರೆದಿಟ್ಟದ್ದು ನಿಜ. ಆದರೆ ಪಹಾಡಿ ಚಿತ್ರಕಾರ ಅಂಗಳವನ್ನು ಮೇಲಿನಿಂದ, ಬಾಗಿಲನ್ನು ಎದುರಿನಿಂದ ಬರೆದರೆ, ಅಂಗಳದವರೂ ಒಳಗಿನವರೂ ಅವನಿಗೆ ಒಟ್ಟಿಗೇ ಬೇಕಾಗಿತ್ತು. ಅವನಿಗೊಂದು ಕಾರಣವಿತ್ತು. ನಮ್ಮ ಕಾರಣ, ಗ್ಯಾಲರಿಯಲ್ಲಿ ಮೊದಲು ಸಿಕ್ಕ ಫೋಟೋ!

ನಾನೇನೂ ಸಾಚಾ ಅಲ್ಲ. ತೀರ್ಥಹಳ್ಳಿ ಕಡೆಯ ಅಜ್ಜಿಮನೆಯನ್ನು, ತಮ್ಮ ಕಳಿಸಿದ ಡ್ರೋನ್ ಫೋಟೋ ನೋಡಿ ಬರೆದವನು ನಾನು. ಹೆಂಚು, ತೋಟದ ನೆತ್ತಿ, ಗೆರೆಗಳು ಕೂಡುವ ಬಿಂದು ಎಲ್ಲ ಅಳತೆಗೆ ಸರಿ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಚೆನ್ನಾಗಿದೆ, ಯಾರ ಮನೆಯೋ ಇದು?" ಎಂದಳು. ಅವಳು ಹುಟ್ಟಿದ ಮನೆ! ಆದರೆ ಅವಳು ಅದನ್ನು ಅಂಗಳದಿಂದ ನೋಡಿದವಳು, ಹದ್ದಿನ ಹಾಗೆ ಹಾರಿ ನೋಡಿದವಳಲ್ಲ. ಕಣ್ಣಿಗಿಂತ ಮೇಲಿರುವ ಸೂರಿನ ಗೆರೆ ದೂರ ಹೋದಂತೆ ಇಳಿಯಬೇಕು, ನನ್ನ ಹಾಳೆಯಲ್ಲಿ ಏರುತ್ತಿತ್ತು.

ದೀಪಾವಳಿಗೆ ಹೋದಾಗ ಅಂಗಳದಲ್ಲಿ ಮಣೆ ಹಾಕಿ ಕೂತೆ. ಸೂರು ಇಳಿಯಿತು, ಜಗಲಿ ಎದುರಿಗೆ ಬಂತು. ಅಡಿಕೆ ಮರಗಳ ತುದಿ ಹಾಳೆಯಲ್ಲಿ ಹಿಡಿಸಲಿಲ್ಲ, ಹೋಗಲಿ ಎಂದು ಬಿಟ್ಟೆ. ಅಮ್ಮ ಈ ಸಲ ಯಾರ ಮನೆ ಎಂದು ಕೇಳಲಿಲ್ಲ. ಜಗಲಿಯ ಕಂಬ ಒಂದು ಕಮ್ಮಿ ಬರೆದಿದ್ದೀಯ ಎಂದು ಬೈದಳು.