ನೀರು ಇಳಿದ ಮೇಲೆ ಕೂತು ಮಾತಾಡೋಣ



ಮಲಪ್ರಭೆ, ಘಟಪ್ರಭೆ, ಕೃಷ್ಣೆಯ ದಂಡೆಯ ಊರುಗಳಲ್ಲಿ ಇರುವವರಿಗೆ, ಅಲ್ಲಿಂದ ಹೊರಟು ಹುಬ್ಬಳ್ಳಿ, ಬೆಂಗಳೂರು, ಪುಣೆ ಸೇರಿದವರಿಗೆ, ನೆರೆಯ ಸುದ್ದಿ ಬಂದೊಡನೆ ಅಕ್ಕಿ ಮೂಟೆ, ಔಷಧಿ ಡಬ್ಬಿ ಹೊತ್ತು ಓಡಿ ಬರುವ ಎಲ್ಲರಿಗೂ ಈ ಮನವಿ. ಈ ಸಲ ನಾನು ಕೇಳುತ್ತಿರುವುದು ನಿಮ್ಮ ಸಮಯ. ಅದೂ ನೀರು ಏರಿದಾಗಿನ ಸಮಯವಲ್ಲ. ಅದನ್ನು ನೀವು ಯಾರೂ ಕೇಳದೆಯೇ ಕೊಡುತ್ತೀರಿ. ನೀರು ಇಳಿದು, ಟಿವಿಯವರು ಹೋಗಿ, ಗಂಜಿ ಕೇಂದ್ರ ಮುಚ್ಚಿದ ಮೇಲೆ ಊರವರ ಜೊತೆ ಕೂತು ಮುಂದೇನು ಎಂದು ಮಾತನಾಡುವುದಕ್ಕೆ ಬೇಕಾದ ಸಮಯ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ರಾಜ್ಯದ 22 ಜಿಲ್ಲೆಗಳು ನೆರೆಗೆ ಸಿಕ್ಕಿದ್ದವು. ಎಷ್ಟೋ ವರ್ಷ ತುಂಬದೆ ಉಳಿದಿದ್ದ ಮಲಪ್ರಭೆಯ ನವಿಲುತೀರ್ಥ ಜಲಾಶಯ ಕೆಲವೇ ದಿನಗಳಲ್ಲಿ ತುಂಬಿತು. ಅಲ್ಲಿಂದ ಬಿಟ್ಟ ನೀರು ರಾಮದುರ್ಗ, ನರಗುಂದ, ಬಾದಾಮಿ, ರೋಣದ ಹೊಳೆಸಾಲಿನ ಹಳ್ಳಿಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಸುತ್ತಲೂ ನೀರು ನಿಂತಿತು. ಆ ದಿನಗಳಲ್ಲಿ ನೆರೆ ಮುಟ್ಟದ ಊರುಗಳು ನಡೆದುಕೊಂಡ ರೀತಿ ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಮನೆಗಿಷ್ಟು ರೊಟ್ಟಿ ಎಂದು ಲೆಕ್ಕ ಹಾಕಿ, ಓಣಿಗೊಬ್ಬರು ನಿಂತು ಕೂಡಿಸಿ, ಶೇಂಗಾ ಚಟ್ನಿಯನ್ನು ಬೇರೆ ಡಬ್ಬಿಗೆ ಹಾಕಿ, ಟ್ರ್ಯಾಕ್ಟರ್‌ಗೆ ತಾಡಪಾಲು ಹೊದಿಸಿ ಕಳಿಸಿದರು. ಯಾವ ಇಲಾಖೆಯೂ ಆದೇಶ ಹೊರಡಿಸಿರಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ವರ್ಷವರ್ಷ ಊರೂರೇ ರೊಟ್ಟಿ ಕಳಿಸುವ ಸೀಮೆ ಇದು. ಆ ಕೈಗಳಿಗೆ ಕೂಡಿ ಕೆಲಸ ಮಾಡುವುದನ್ನು ಯಾರೂ ಕಲಿಸಬೇಕಿಲ್ಲ.

ಆದರೆ ಮುಂದಿನ ತಿಂಗಳುಗಳಲ್ಲಿ, ನೀರು ಹೊಕ್ಕ ಊರುಗಳಲ್ಲಿ ಏನು ನಡೆಯಿತು? ಸರ್ವೆ ಬಂತು. ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಹಿಂದಿನ ನೆರೆಗಳಿಗೆ ಹೋಲಿಸಿದರೆ ಅದು ದೊಡ್ಡ ಮೊತ್ತ, ಒಳ್ಳೆಯ ನಿರ್ಧಾರವೂ ಹೌದು. ಆದರೆ ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳಲ್ಲಿ ಒಂದು ಎ ಆಗಿ ಇನ್ನೊಂದು ಸಿ ಆದದ್ದು ಏಕೆಂದು ಊರ ನಡುವೆ ನಿಂತು ಹೇಳುವವರು ಇರಲಿಲ್ಲ. ಅಪ್ಪನ ಹೆಸರಿನ ಒಂದೇ ಉತಾರ, ಒಳಗೆ ನಾಲ್ಕು ಒಲೆ: ಪರಿಹಾರ ಯಾರ ಖಾತೆಗೆ? ಉತಾರವೇ ಇಲ್ಲದೆ ಮೂವತ್ತು ವರ್ಷ ಅದೇ ಗುಡಿಸಲಿನಲ್ಲಿ ಬಾಳಿದವರ ಗತಿ ಏನು? ಮೊದಲ ಕಂತಿನಲ್ಲಿ ಪಾಯ ಹಾಕಿಸಿ, ಜಿಪಿಎಸ್ ಫೋಟೋ ಏರಲಿಲ್ಲವೆಂದು ಮುಂದಿನ ಕಂತಿಗೆ ಕಾಯುತ್ತ ಕೂತವರು ಯಾರನ್ನು ಕೇಳಬೇಕು? ಬೇಕಾದವರ ಹೆಸರನ್ನು ಪಟ್ಟಿಗೆ ಸೇರಿಸಿದರು ಎಂಬ ಗುಮಾನಿ ಓಣಿ ಓಣಿಯಲ್ಲಿ ಬೆಳೆಯಿತು. ಕೆಲವು ಕಡೆ ಅದು ನಿಜವೇ ಆಗಿತ್ತು. ಒಂದೇ ತಾಡಪಾಲಿನ ಕೆಳಗೆ ಮಲಗಿದ್ದವರು ಒಬ್ಬರ ಮನೆಗೊಬ್ಬರು ಹೋಗುವುದನ್ನೇ ಬಿಟ್ಟರು. ಹೊಳೆ ಕೆಡವಿದ್ದು ಗೋಡೆಗಳನ್ನು. ನಂಬಿಕೆ ಬಿದ್ದದ್ದು ಆಮೇಲೆ, ಮಾತಿಲ್ಲದ ಆ ತಿಂಗಳುಗಳಲ್ಲಿ.

ಇದಕ್ಕಿಂತ ಹಳೆಯ ಗಾಯ ಒಂದಿದೆ. 2009ರ ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್ ಮೊದಲಿಗೆ ಬಂದ ನೆರೆಯಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಬರಗಾಲಕ್ಕೆ ಹೆಸರಾದ ರಾಯಚೂರು, ಕೊಪ್ಪಳ, ಗದಗ, ಬಾಗಲಕೋಟೆಯ ಜನ ಅಂಥ ನೀರನ್ನು ಕಂಡಿರಲಿಲ್ಲ. ನಾಡಿನ ಉದ್ಯಮಗಳು, ಮಠಗಳು, ಸಂಘಟನೆಗಳು ಮುಂದೆ ಬಂದವು. ‘ಆಸರೆ’ ಎಂಬ ಹೆಸರಿನಲ್ಲಿ ಹೊಳೆಯಿಂದ ದೂರ, ಎತ್ತರದ ಜಾಗದಲ್ಲಿ ಹೊಸ ಊರುಗಳು ಎದ್ದವು. ಕೊಟ್ಟವರ ಮನಸ್ಸಿನಲ್ಲಿ ಕೊಂಕಿರಲಿಲ್ಲ. ಅಷ್ಟು ಬೇಗ ಅಷ್ಟು ಮನೆ ಎಬ್ಬಿಸಿದ್ದು ಸಣ್ಣ ಸಾಧನೆಯೂ ಅಲ್ಲ.

ಈಗ ಮಲಪ್ರಭೆಯ ದಂಡೆಯ ಕಡೆ ಬಂದರೆ ಅಂಥ ಕೆಲವು ‘ಆಸರೆ’ ಊರುಗಳನ್ನು ನೋಡಿ. ಕಿಟಕಿಯ ಚೌಕಟ್ಟು ಕಿತ್ತಿದೆ, ಬಾಗಿಲು ಇಲ್ಲ. ಓಣಿಯ ತುಂಬ ಜಾಲಿ ಬೆಳೆದಿದೆ. ಒಂದು ಮನೆಯಲ್ಲಿ ಹೊಟ್ಟು ತುಂಬಿದ್ದಾರೆ, ಮತ್ತೊಂದರಲ್ಲಿ ಯಾರದೋ ಮುರಿದ ಕೂರಿಗೆ ಬಿದ್ದಿದೆ. ಜನ ಹಳೆಯ ಊರಿಗೇ ಮರಳಿದ್ದಾರೆ. ಹತ್ತು ವರ್ಷ ಕಳೆದು 2019ರ ನೀರು ಬಂದಾಗ ಮುಳುಗಿದವರಲ್ಲಿ ಇವರೂ ಇದ್ದರು. ಹೊರಗಿನವರು ಇದನ್ನು ಕಂಡು ಕೊಟ್ಟ ಮನೆಗೂ ಹೋಗದ ಜನ ಎಂದು ಬೇಸರಪಡುತ್ತಾರೆ. ಅವರಲ್ಲಿ ನನ್ನದೊಂದು ವಿನಂತಿ: ಆ ಮನೆಯೊಳಗೆ ಒಮ್ಮೆ ಕಾಲಿಟ್ಟು ನೋಡಿ. ಎತ್ತು ಕಟ್ಟಲು ಜಾಗ ಎಲ್ಲಿದೆ? ಗೋದಲಿ ಎಲ್ಲಿ, ಬಣವೆ ಒಟ್ಟುವುದು ಎಲ್ಲಿ, ವರ್ಷದ ಜೋಳ ಇಡುವುದೆಲ್ಲಿ? ಹೊಲ ಹೊಳೆಯ ಪಕ್ಕದಲ್ಲಿದೆ, ಮನೆ ಗುಡ್ಡದ ಮೇಲಿದೆ. ನಸುಕಿನಲ್ಲಿ ಎತ್ತು ಹೊಡೆದುಕೊಂಡು ಇಳಿಯಬೇಕು, ರಾತ್ರಿ ನೀರು ಹಾಯಿಸಿ ಒಬ್ಬನೇ ಏರಬೇಕು. ನಲ್ಲಿ ಬರಲಿಲ್ಲ, ಬಸ್ಸು ಬರಲಿಲ್ಲ, ಎಷ್ಟೋ ಮಂದಿಗೆ ಹಕ್ಕುಪತ್ರವೂ ಬರಲಿಲ್ಲ. ನಕ್ಷೆ ಬರೆಯುವ ಮುನ್ನ ಊರಿನ ಹೆಂಗಸರ ಜೊತೆ ಎರಡು ಸಂಜೆ ಕೂತಿದ್ದರೆ ಇವೆಲ್ಲ ಗೊತ್ತಾಗುತ್ತಿತ್ತು. “ನಮ್ಮನ್ನ ಯಾರೂ ಕೇಳಲಿಲ್ಲರೀ” ಎನ್ನುವ ಮಾತು ಈ ಸೀಮೆಯಲ್ಲಿ ಕಿವಿಗೆ ಬೀಳದ ಊರಿಲ್ಲ.

ಕೇಳುವುದು ಆಗದ ಕೆಲಸವೇನಲ್ಲ. ನಮ್ಮ ಗಡಿಯ ಆಚೆಗೇ ಅದು ನಡೆದಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಮತ್ತು ಅಂದಿನ ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳನ್ನು ನೆಲಸಮ ಮಾಡಿದ ಭೂಕಂಪ ಬೀದರ್, ಕಲಬುರಗಿಯವರನ್ನೂ ನಿದ್ದೆಯಿಂದ ಎಬ್ಬಿಸಿತ್ತು. ಸುಮಾರು 10 ಸಾವಿರ ಜನ ತೀರಿಕೊಂಡರು. ಪೂರ್ತಿ ನಾಶವಾದ ಹಳ್ಳಿಗಳನ್ನು ಬೇರೆಡೆಗೆ ಸಾಗಿಸಿ, ಪಟ್ಟಣದ ಬಡಾವಣೆಯ ಹಾಗೆ ನೇರ ಬೀದಿಗಳನ್ನು ಎಳೆದರು. ಆದರೆ ಬಿರುಕು ಬಿಟ್ಟು ನಿಂತಿದ್ದ ಮನೆಗಳ ಹಳ್ಳಿಗಳು ಅದಕ್ಕಿಂತ ಎಷ್ಟೋ ಹೆಚ್ಚಿದ್ದವು, ಸಾವಿರಕ್ಕೂ ಮಿಕ್ಕಿ. ಅಲ್ಲಿ ಮಹಾರಾಷ್ಟ್ರ ಸರ್ಕಾರ ಬೇರೊಂದು ದಾರಿ ಹಿಡಿಯಿತು. ಮನೆಯವರೇ ನಿಂತು ತಮ್ಮ ಮನೆಯನ್ನು ರಿಪೇರಿ ಮಾಡಿ ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಮಾತುಕತೆ ನಡೆಸುವ ಹೊಣೆ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಗೆ. ಆ ಸಂಸ್ಥೆ ಹಳ್ಳಿಯ ಹೆಂಗಸರನ್ನೇ ಹುಡುಕಿ ತಯಾರು ಮಾಡಿತು. ಅವರನ್ನು ಕರೆದದ್ದು ‘ಸಂವಾದ ಸಹಾಯಕ’ರೆಂದು. ಮನೆ ಮನೆಗೆ ಹೋಗಿ ಎಷ್ಟು ಹಣ ಬರುತ್ತದೆ, ಯಾವ ಕಂತಿಗೆ ಏನು ಮುಗಿದಿರಬೇಕು, ಗೋಡೆಯ ಮೂಲೆಗಳನ್ನು ಹೇಗೆ ಬಿಗಿಯಬೇಕು ಎಂದು ತಿಳಿಸುವುದು, ಊರಿನ ದೂರನ್ನು ಎಂಜಿನಿಯರ್ ಮುಂದೆ ಇಡುವುದು ಅವರ ಕೆಲಸ. ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳುತ್ತ ಗಂಡಸರ ಸಭೆಗೆ ಮೊದಲ ಸಲ ಬಂದವರು ಕ್ರಮೇಣ ಊರಿನ ಸಾಲ, ನೀರು, ಆರೋಗ್ಯದ ಮಾತನ್ನೂ ಕೈಗೆತ್ತಿಕೊಂಡರು. 2001ರ ಜನವರಿ 26ರಂದು ಕಛ್ ನಡುಗಿದಾಗ ಲಾತೂರ್ ಸೀಮೆಯ ಈ ಹೆಂಗಸರು ಗುಜರಾತಿಗೆ ಹೋಗಿ, ಮನೆ ಕಳೆದುಕೊಂಡ ಹೆಂಗಸರ ಪಕ್ಕ ಕೂತು ತಾವು ಕಲಿತದ್ದನ್ನು ಹೇಳಿಕೊಟ್ಟರು. ಒಂದು ಆಪತ್ತಿನಿಂದ ಒಂದು ಸಮಾಜ ಇದಕ್ಕಿಂತ ಹೆಚ್ಚಿನ ಫಲ ಪಡೆದದ್ದನ್ನು ನಾನು ಕಾಣೆ.

ಜಪಾನಿನಂಥ ಸಿರಿವಂತ ದೇಶವೂ ಜನರ ಬದುಕನ್ನು ಅರಿತು ನೆಲೆ ಕೊಡುವುದನ್ನು ನೋವುಂಡೇ ಕಲಿಯಿತು. 1995ರ ಜನವರಿಯಲ್ಲಿ ಕೋಬೆ ನಗರದ ಭೂಕಂಪದಲ್ಲಿ 6,400ಕ್ಕೂ ಹೆಚ್ಚು ಜನ ಸತ್ತರು. ದೇಶದ ಮೂಲೆಮೂಲೆಯಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಸ್ವಯಂಸೇವಕರು ಬಂದರು. ಅದನ್ನು ಕಂಡೇ ಅಲ್ಲಿನ ಸಂಸತ್ತು 1998ರಲ್ಲಿ ಜನಸಂಘಟನೆಗಳಿಗೆ ಸುಲಭವಾಗಿ ಮಾನ್ಯತೆ ಸಿಗುವಂಥ ಕಾನೂನು ಮಾಡಿತು. ಆದರೆ ತಾತ್ಕಾಲಿಕ ಮನೆಗಳನ್ನು ಚೀಟಿ ಎತ್ತಿ ಹಂಚಿದ್ದರು. ವಯಸ್ಸಾದವರಿಗೆ ಮೊದಲ ಆದ್ಯತೆ ಕೊಟ್ಟಿದ್ದರೂ ನೆರೆಹೊರೆ ಚದುರಿ ಹೋಗಿತ್ತು. ಗುರುತಿನವರೇ ಇಲ್ಲದ ಆ ಸಾಲುಮನೆಗಳಲ್ಲಿ ಎಷ್ಟೋ ಮುದುಕರು ಒಬ್ಬೊಬ್ಬರೇ ಸತ್ತರು, ಕೆಲವರು ಸತ್ತದ್ದು ದಿನಗಳ ನಂತರ ತಿಳಿಯಿತು. 2004ರಲ್ಲಿ ನೀಗಾತಾ ಪ್ರಾಂತದಲ್ಲಿ ಭೂಮಿ ನಡುಗಿದಾಗ ಆ ತಪ್ಪು ಮರುಕಳಿಸಲಿಲ್ಲ. ಯಮಕೋಶಿ ಎಂಬ ಬೆಟ್ಟದೂರಿನವರನ್ನೆಲ್ಲ ಹೆಲಿಕಾಪ್ಟರ್‌ನಲ್ಲಿ ಇಳಿಸಿ ತಂದರು, ಆಮೇಲೆ ಒಂದೊಂದು ಕೇರಿಯವರನ್ನು ಒಂದೇ ಕಡೆ ಇರಿಸಿದರು. ಗೂಳಿ ಕಾಳಗಕ್ಕೆ ಹೆಸರಾದ ಊರು ಅದು. ಅವರ ಗೂಳಿಗಳನ್ನೂ ಹೆಲಿಕಾಪ್ಟರ್‌ನಲ್ಲೇ ಸಾಗಿಸಿದರು. ಎತ್ತಿಗೆ ಜಾಗವಿಲ್ಲದ ನಮ್ಮ ‘ಆಸರೆ’ ಮನೆಗಳನ್ನು ಕಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಹಾಗಾದರೆ ನಾವು ಮಾಡಬಹುದಾದದ್ದು ಏನು? ಮೊದಲು ಊರಿನವರಿಗೆ ಹೇಳುತ್ತೇನೆ. ಕೂತು ಮಾತನಾಡುವ ಜಾಗವನ್ನು ಕಾನೂನೇ ನಮಗೆ ಕೊಟ್ಟಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಲೇಬೇಕು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಮುಗಿಸುವ ಸಭೆಯನ್ನು ಒಪ್ಪಬೇಡಿ. ಬೇಸಿಗೆಯಲ್ಲೇ, ಮುಂಗಾರಿಗೆ ಮುಂಚೆಯೇ, ನೆರೆಯ ವಿಷಯ ಒಂದನ್ನೇ ಇಟ್ಟುಕೊಂಡು ವಾರ್ಡ್ ಸಭೆ ಕರೆಯಲು ನಿಮ್ಮ ಸದಸ್ಯರನ್ನು ಒತ್ತಾಯಿಸಿ. ಇಷ್ಟು ಕ್ಯುಸೆಕ್ ಬಿಟ್ಟರೆ ನೀರು ಅಗಸಿಯ ತನಕ, ಇಷ್ಟು ಬಿಟ್ಟರೆ ಹನಮಪ್ಪನ ಗುಡಿಯ ತನಕ ಎಂಬ ಲೆಕ್ಕ ಪ್ರತಿ ಊರಿನ ಹಿರಿಯರ ಬಾಯಲ್ಲಿದೆ. ಅದನ್ನು ಬರೆದಿಡಿ. 2009ರ ನೀರು ಎಲ್ಲಿಗೆ ಬಂದಿತ್ತು, 2019ರದ್ದು ಎಲ್ಲಿಗೆ ಎಂದು ಗೋಡೆಗಳ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ. ಜಲಾಶಯದಿಂದ ಸುದ್ದಿ ಬಂದಾಗ ಯಾವ ಓಣಿ ಮೊದಲು ಖಾಲಿಯಾಗಬೇಕು, ಹಾಸಿಗೆ ಹಿಡಿದವರು ಯಾವ ಮನೆಯಲ್ಲಿದ್ದಾರೆ, ಬಸುರಿ ಹೆಣ್ಣುಮಕ್ಕಳನ್ನು ಯಾರ ಗಾಡಿಯಲ್ಲಿ ಕಳಿಸುವುದು, ದನಗಳನ್ನು ಎಲ್ಲಿಗೆ ಹೊಡೆಯುವುದು, ಇದೆಲ್ಲ ಬಿಸಿಲಿನಲ್ಲೇ ತೀರ್ಮಾನ ಆಗಿರಲಿ. ಮೊದಲೇ ಮಾಡಿದ ಸಿದ್ಧತೆ ಏನು ಮಾಡಬಲ್ಲದೆಂಬುದಕ್ಕೆ ಒಡಿಶಾ ನೋಡಿ. ಅಲ್ಲಿ 1999ರ ಚಂಡಮಾರುತ ಸುಮಾರು 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು, ಸಾವು ಹತ್ತಾರಕ್ಕೆ ನಿಂತಿತು. ಹವಾಮಾನದ ಮುನ್ಸೂಚನೆ ಸುಧಾರಿಸಿದ್ದು ಒಂದು ಕಾರಣ. ಆಶ್ರಯತಾಣಗಳನ್ನು ಆಯಾ ಊರಿನ ಸಮಿತಿಗಳೇ ನೋಡಿಕೊಳ್ಳುತ್ತ, ಮಳೆಗಾಲಕ್ಕೆ ಮುನ್ನ ತಾಲೀಮು ನಡೆಸುತ್ತ ಬಂದದ್ದು ಇನ್ನೊಂದು.

ಸಭೆ ಎಂದರೆ ಯಾರು ಮಾತನಾಡುತ್ತಾರೆಂದು ನಮಗೆಲ್ಲ ಗೊತ್ತು. ಕಟ್ಟೆಯ ಮೇಲೆ ಕೂರುವವರು ಬೇರೆ, ಕೆಳಗೆ ದೂರ ನಿಲ್ಲುವವರು ಬೇರೆ. ಊರಿನ ತಗ್ಗಿನಲ್ಲಿ, ಹೊಳೆಗೆ ತೀರ ಹತ್ತಿರ ಇರುವುದು ಬಹಳ ಕಡೆ ದಲಿತರ ಕೇರಿಯೇ. ನೀರು ಮೊದಲು ನುಗ್ಗುವುದು ಅಲ್ಲಿ, ಪರಿಹಾರ ಕೊನೆಗೆ ತಲುಪುವುದೂ ಅಲ್ಲಿ. ಆದ್ದರಿಂದ ಮೊದಲ ಸಭೆ ಆ ಕೇರಿಯಲ್ಲೇ ನಡೆಯಲಿ, ಅವರಿಗೆ ಕೂಲಿ ತಪ್ಪದ ಹೊತ್ತಿನಲ್ಲಿ ನಡೆಯಲಿ. ಹೆಂಗಸರು ಗಂಡಸರ ಮುಂದೆ ಬಾಯಿ ಬಿಡದ ಊರಾದರೆ ಸಂಜೀವಿನಿ ಒಕ್ಕೂಟದವರು, ಆಶಾ ಕಾರ್ಯಕರ್ತೆಯರು, ಅಂಗನವಾಡಿಯ ಅಕ್ಕಂದಿರು ಬೇರೆಯಾಗಿ ಕೂರಿಸಿ ಕೇಳಲಿ. ಯಾವ ಮನೆಯಲ್ಲಿ ಏನಿದೆ, ಏನಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ತಹಶೀಲ್ದಾರರಿಗೂ ಗೊತ್ತಿರುವುದಿಲ್ಲ. ಪರಿಹಾರದ ಪಟ್ಟಿಯನ್ನು ಪಂಚಾಯ್ತಿಯ ಗೋಡೆಗೆ ಅಂಟಿಸಿದರೆ ಸಾಲದು. ಪ್ರತಿ ಹೆಸರನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಎ ಯಾಕೆ, ಸಿ ಯಾಕೆ ಎಂದು ಅಧಿಕಾರಿ ಎದ್ದು ನಿಂತು ಹೇಳಬೇಕು. ಜಗಳ ಆಗುತ್ತದೆ. ಆಗಲಿ. ಎದುರೆದುರು ಆದ ಜಗಳ ವಾರದಲ್ಲಿ ತಣಿಯುತ್ತದೆ. ಬೆನ್ನ ಹಿಂದಿನ ಗುಮಾನಿ ಮಕ್ಕಳ ಕಾಲಕ್ಕೂ ಹೋಗುವುದಿಲ್ಲ.

ಇನ್ನು ಊರು ಬಿಟ್ಟು ದೂರ ಇರುವ ನಿಮಗೆ. ನಿಮ್ಮ ಲಾರಿಗಳು ಬಂದ ದಿನ ಈ ಜನ ಎಷ್ಟು ಧೈರ್ಯ ತಂದುಕೊಂಡರೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ದಾರಿ ಬದಿಯಲ್ಲಿ ಗುಡ್ಡೆ ಬಿದ್ದು ಕೊಳೆತ ಹಳೆಯ ಬಟ್ಟೆಗಳನ್ನೂ ಕಂಡಿದ್ದೇನೆ. ಮುಂದಿನ ಸಲ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ತೆಗೆದಿಡಿ. ಆ ಊರಿನದೇ ಓದಿದ ಒಬ್ಬ ಹುಡುಗಿಗೋ ಹುಡುಗನಿಗೋ ವರ್ಷವಿಡೀ ಗೌರವಧನ ಕೊಡಲು ಅದು ಸಾಕು. ಅರ್ಜಿ ಬರೆದುಕೊಡುವುದು, ಯಾವ ಕಂತು ಎಲ್ಲಿ ನಿಂತಿದೆ ಎಂದು ವಿಚಾರಿಸುವುದು, ತಿಂಗಳಿಗೊಮ್ಮೆ ಜನರನ್ನು ಕೂಡಿಸುವುದು ಅವರ ಕೆಲಸ. ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ವಕೀಲರಿದ್ದೀರಿ, ಲೆಕ್ಕ ಬಲ್ಲವರಿದ್ದೀರಿ. ಮೂರು ತಿಂಗಳಿಗೊಮ್ಮೆ ಬಂದು ಒಂದು ಹಗಲು ಕೂತುಹೋಗಿ. ಮನೆ ಕಟ್ಟಿಸಿಕೊಡುವ ಯೋಚನೆ ಇದ್ದರೆ, ದಯವಿಟ್ಟು, ಎತ್ತು ಎಲ್ಲಿ ಕಟ್ಟುತ್ತೀರಿ ಎಂದು ಮೊದಲು ಕೇಳಿ. ಆಮೇಲೆ ನಕ್ಷೆ ಬರೆಸಿ.

ಖಾಲಿ ಬಿದ್ದ ‘ಆಸರೆ’ ಮನೆಗಳ ವಿಚಾರವನ್ನೂ ಇದೇ ಸಭೆಗಳಲ್ಲಿ ಎತ್ತಬೇಕೆಂದು ಕೈಮುಗಿದು ಕೇಳುತ್ತೇನೆ. ಹಕ್ಕುಪತ್ರ ಕೊಟ್ಟು, ನೀರು ತಂದು, ಹಿಂದೊಂದು ದನದ ಕೊಟ್ಟಿಗೆಗೆ ಜಾಗ ಬಿಟ್ಟರೆ ಹೋಗಲು ತಯಾರಿರುವವರು ಇದ್ದಾರೆ. ಏನು ಮಾಡಿದರೂ ಹೋಗಲಾರೆ ಎನ್ನುವವರೂ ಇದ್ದಾರೆ. ಯಾರು ಎಷ್ಟು ಮಂದಿ, ಯಾರಿಗೆ ಏನು ಬೇಕು ಎಂದು ಬರೆದ ಒಂದು ಪಟ್ಟಿ ಪ್ರತಿ ಊರಿನಿಂದ ಜಿಲ್ಲಾಧಿಕಾರಿಗಳ ಮೇಜಿಗೆ ಹೋಗಲಿ, ಗ್ರಾಮ ಸಭೆಯ ಠರಾವಿನ ಜೊತೆಗೇ ಹೋಗಲಿ. ಮುಂಗಾರಿನ ಮೊದಲ ಮಳೆ ಬೀಳುವ ಮುಂಚೆ ಈ ಪಟ್ಟಿ ಸಿದ್ಧವಾಗಬೇಕು. ನಿಮ್ಮ ಊರಿನ ವಾರ್ಡ್ ಸಭೆಯ ದಿನಾಂಕ ಯಾವುದೆಂದು ಪಿಡಿಒ ಅವರನ್ನು ನಾಳೆಯೇ ಕೇಳಿ, ಇನ್ನೂ ಗೊತ್ತು ಮಾಡಿಲ್ಲವೆಂದರೆ ನಾಲ್ಕು ಜನ ಹೋಗಿ ಗೊತ್ತು ಮಾಡಿಸಿಕೊಂಡು ಬನ್ನಿ.